ಮ್ಯೂನಿಕ್‌ನಲ್ಲಿ ಹಾಸ್ಟೆಲ್ ರೂಮು: ಒಗ್ಗರಣೆ, ಕಿಟಕಿ ಮತ್ತು ಪೋಸ್ಟ್ ಡಬ್ಬಿ

ಜರ್ಮನಿಯ ಮ್ಯೂನಿಕ್‌ಗೆ ಓದಲು ಹೊರಟವರೆಲ್ಲ ಮೊದಲು ಕೇಳುವುದು ಚಳಿಗೆ ಎಂಥ ಜಾಕೆಟ್ ತರಬೇಕು ಅಂತ. ಜಾಕೆಟ್ ಇಲ್ಲೇ ಸಿಗುತ್ತದೆ ಬಿಡಿ. ಮೊದಲ ತಿಂಗಳು ನಿಮ್ಮನ್ನು ಗೋಳು ಹೊಯ್ದುಕೊಳ್ಳುವುದು ಚಳಿಯಲ್ಲ, ರೂಮು. ನಾನಿದ್ದದ್ದು ಹನ್ನೆರಡು ಜನಕ್ಕೆ ಒಂದೇ ಅಡುಗೆಮನೆ ಇರುವ ಮಹಡಿಯಲ್ಲಿ. ಮಾಡಬಾರದ್ದನ್ನೆಲ್ಲ ಮಾಡಿಯೇ ಕಲಿತೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರೂಮಿನ ಅರ್ಜಿಯನ್ನು ವೀಸಾಗೆ ಕಾಯದೆ ಹಾಕಿ. ಇಲ್ಲಿನ ವಿದ್ಯಾರ್ಥಿ ವಸತಿಗಳನ್ನು ಹೆಚ್ಚಾಗಿ ನೋಡಿಕೊಳ್ಳುವುದು ಸ್ಟುಡಿಯರೆಂಡನ್‌ವೆರ್ಕ್ ಅನ್ನುವ ಸಂಸ್ಥೆ. 1972ರ ಒಲಿಂಪಿಕ್ಸ್‌ಗೆ ಮಹಿಳಾ ಆಟಗಾರರಿಗಾಗಿ ಕಟ್ಟಿದ ಹಳ್ಳಿಯಲ್ಲಿ ಈಗ ಇರುವುದು ವಿದ್ಯಾರ್ಥಿಗಳೇ, ಪುಟ್ಟ ಪುಟ್ಟ ಮನೆಗಳ ಗೋಡೆಗೆ ಅವರೇ ಚಿತ್ರ ಬರೆದುಕೊಂಡಿರುತ್ತಾರೆ. ನೋಡಲು ಚಂದ, ಸಿಗುವುದು ಕಷ್ಟ. ಕಾಯುವ ಪಟ್ಟಿ ಎಷ್ಟೋ ಸಲ ಸೆಮಿಸ್ಟರ್‌ಗಟ್ಟಲೆ ಎಳೆಯುತ್ತದೆ. ಹೊರಗೆ ಹುಡುಕುವುದಾದರೆ ಒಂದು ಮಾತು: "ನಾನೀಗ ಲಂಡನ್‌ನಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ" ಎನ್ನುವವರೆಲ್ಲ ಮೋಸಗಾರರೇ. ರೂಮು ನೋಡದೆ ಅಡ್ವಾನ್ಸ್ ಕೊಡಬೇಡಿ. ಅಂದಹಾಗೆ ಅಡ್ವಾನ್ಸ್ ಬೆಂಗಳೂರಿನ ಹತ್ತು ತಿಂಗಳ ಕಥೆಯಲ್ಲ. ಹೀಟಿಂಗ್, ನೀರು ಇವೆಲ್ಲ ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ, ಇದು ಕಾನೂನು.

ಕೀ ಕೈಗೆ ಬಂದ ದಿನವೇ ಎರಡು ಕೆಲಸ ಮಾಡಿ. ಗೋಡೆ, ಹಾಸಿಗೆ, ಸಿಂಕ್, ಕಿಟಕಿ ಎಲ್ಲದರ ಫೋಟೋ ತೆಗೆದಿಡಿ, ಹಳೆಯ ಕಲೆ ನಿಮ್ಮ ಲೆಕ್ಕಕ್ಕೆ ಬರಬಾರದು. ಆಮೇಲೆ ಕೆಳಗೆ ಹೋಗಿ ಪೋಸ್ಟ್ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ. ಇಲ್ಲಿ ಅಂಚೆಯವರು ರೂಮ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಡಬ್ಬಿಯ ಮೇಲೆ ಹೆಸರು ಇಲ್ಲ ಅಂದರೆ ಕಾಗದ ವಾಪಸ್. ನಾನು ಹತ್ತು ದಿನ ಬ್ಯಾಂಕ್ ಕಾರ್ಡ್‌ಗೆ ಕಾದೆ. ಅದು ಬಂದು, ನನ್ನ ಹೆಸರು ಕಾಣದೆ, ಹಿಂದಕ್ಕೆ ಹೋಗಿತ್ತು. ಈ ದೇಶದಲ್ಲಿ ಬ್ಯಾಂಕಿನ ಪಿನ್, ತೆರಿಗೆ ನಂಬರ್, ವಿಮೆ ಕಾರ್ಡ್ ಎಲ್ಲವೂ ಇವತ್ತಿಗೂ ಲಕೋಟೆಯಲ್ಲೇ ಬರುತ್ತವೆ.

ಆಮೇಲೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಆಗಬೇಕು. ಬಾಡಿಗೆ ಕರಾರು ಸಾಲುವುದಿಲ್ಲ, "ಇವರು ಇಂಥ ದಿನದಿಂದ ನಮ್ಮಲ್ಲಿದ್ದಾರೆ" ಅಂತ ಮನೆ ಕೊಟ್ಟವರು ಸಹಿ ಹಾಕಿದ ಬೇರೆಯೇ ಒಂದು ಕಾಗದ ಬೇಕು. ಕೀ ಇಸಿದುಕೊಳ್ಳುವಾಗಲೇ ಕೇಳಿ ಪಡೆಯಿರಿ. ನೋಂದಣಿ ಆದ ಮೇಲೆ ಕರೆಯದೇ ಬರುವ ಒಂದು ಪತ್ರವಿದೆ: ಟಿವಿ, ರೇಡಿಯೋ ಶುಲ್ಕ, ತಿಂಗಳಿಗೆ 18.36 ಯೂರೋ. "ನನ್ನ ಹತ್ರ ಟಿವಿನೇ ಇಲ್ವಲ್ಲ" ಅಂತ ಕಸಕ್ಕೆ ಎಸೆಯಬೇಡಿ. ಅದು ಟಿವಿಗಲ್ಲ, ಮನೆಗೆ ಹಾಕುವ ಶುಲ್ಕ, ಬಾಕಿ ಬೆಳೆಯುತ್ತಾ ಹೋಗುತ್ತದೆ. ನಾಲ್ಕು ಜನ ಒಂದೇ ಫ್ಲಾಟ್‌ನಲ್ಲಿದ್ದರೆ ಒಬ್ಬರು ಕಟ್ಟಿ ಉಳಿದವರು ಅವರ ಶುಲ್ಕದ ಖಾತೆ ನಂಬರ್ ಬರೆದು ಕಳಿಸಿದರೆ ಸಾಕು. ಹಾಸ್ಟೆಲ್ ಕಾರಿಡಾರಿಗೆ ತೆರೆಯುವ ರೂಮಾದರೆ ಸಾಮಾನ್ಯವಾಗಿ ಒಂದೊಂದೂ ಬೇರೆ ಮನೆಯೇ.

ಈಗ ಅಡುಗೆಮನೆ.

ಒಲೆ ಕರೆಂಟಿನದ್ದು, ಮೇಲೆ ಚಪ್ಪಟೆ ಗಾಜು. ತಳ ಗುಂಡಗಿರುವ ಬಾಣಲೆ ಊರಿಂದ ಹೊತ್ತು ತರಬೇಡಿ, ಅದು ಇಲ್ಲಿ ನಿಲ್ಲುವುದೂ ಇಲ್ಲ, ಕಾಯುವುದೂ ಇಲ್ಲ. ಕುಕ್ಕರ್ ತನ್ನಿ, ಆದರೆ ಮೊದಲ ಸೀಟಿ ಹೊಡೆಯುವ ಮುಂಚೆ ಪಕ್ಕದಲ್ಲಿ ಇರುವವರಿಗೆ ಒಂದು ಮಾತು ಹೇಳಿ. ನಮ್ಮ ಮಹಡಿಯ ಹುಡುಗನೊಬ್ಬ ಪಾಸ್ತಾ ಬಿಟ್ಟು ಓಡಿಹೋಗಿದ್ದ. ಮಿಕ್ಸಿಗೆ ವೋಲ್ಟೇಜ್ ತೊಂದರೆ ಇಲ್ಲ, ಇಲ್ಲೂ 230 ವೋಲ್ಟೇ, ಮೂರು ಪಿನ್ನಿಗೆ ಅಡಾಪ್ಟರ್ ಮಾತ್ರ ಬೇಕು.

ಇನ್ನು ಒಗ್ಗರಣೆ. ಬಂದ ಎರಡನೇ ವಾರ, ಸಾರಿಗೆ ಅಂತ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಗಾಜಿನ ಒಲೆ ಆರಿಸಿದರೂ ಬಿಸಿ ಇಳಿಯುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಮೆಣಸಿನಕಾಯಿ ಕಪ್ಪಾಯಿತು, ಘಾಟು ಎದ್ದಿತು, ಕೆಮ್ಮುತ್ತಾ ನಾನು ಮಾಡಿದ ಕೆಲಸ ಏನೆಂದರೆ ಅಡುಗೆಮನೆ ಬಾಗಿಲನ್ನು ಕಾರಿಡಾರಿಗೆ ಅಗಲವಾಗಿ ತೆರೆದಿಟ್ಟದ್ದು. ಹೊಗೆ ಹಿಡಿಯುವ ಸೆನ್ಸರ್ ಇದ್ದದ್ದೇ ಕಾರಿಡಾರಿನಲ್ಲಿ! ಇಡೀ ಕಟ್ಟಡದ ಅಲಾರಂ ಹೊಡೆದು, ಜನ ಚಪ್ಪಲಿಯಲ್ಲೇ ಕೆಳಗಿಳಿದು ನಿಂತರು. ಅಗ್ನಿಶಾಮಕ ವಾಹನ ಸುಮ್ನೆ ಬಂದು ಹೋದರೆ ಬಿಲ್ ಕಾರಣವಾದವರಿಗೆ ಬರಬಹುದು, ನನಗೆ ಬೈಗುಳದಲ್ಲೇ ಮುಗಿಯಿತು. ಹಾಗಾಗಿ ಕ್ರಮ ಹೀಗೆ: ಮೊದಲು ಕಿಟಕಿ ತೆರೆಯಿರಿ, ಬಾಗಿಲು ಮುಚ್ಚಿ, ಆಮೇಲೆ ಎಣ್ಣೆ ಇಡಿ. ಕರಿಬೇವು ಬಿದ್ದ ಕೂಡಲೇ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಎತ್ತಿ.

ಕಿಟಕಿಯೂ ಒಂದು ವಿದ್ಯೆಯೇ. ಹಿಡಿ ಕೆಳಗಿದ್ದರೆ ಮುಚ್ಚಿದೆ, ಅಡ್ಡಕ್ಕಿದ್ದರೆ ಬಾಗಿಲಿನಂತೆ ಪೂರ್ತಿ ತೆರೆಯುತ್ತದೆ, ಮೇಲಕ್ಕಿದ್ದರೆ ತಲೆ ಮಾತ್ರ ಒಳಕ್ಕೆ ವಾಲುತ್ತದೆ. ಮೊದಲ ಸಲ ವಾಲಿದಾಗ ಕಿಟಕಿ ಕಿತ್ತು ಕೈಗೇ ಬಂತು ಅನ್ನಿಸುತ್ತದೆ, ಬಂದಿರುವುದಿಲ್ಲ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ ಐದು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಇಡೀ ದಿನ ವಾಲಿಸಿ ಬಿಟ್ಟರೆ ಗೋಡೆ ತಣ್ಣಗಾಗಿ ಬೂಸ್ಟು ಬರುತ್ತದೆ, ಬಟ್ಟೆ ರೂಮಿನಲ್ಲೇ ಒಣಗಿಸಿದರಂತೂ ಇನ್ನೂ ಬೇಗ. ಬೀರುವಿನ ಹಿಂದೆ ಬಂದ ಬೂಸ್ಟಿಗೆ ಅಡ್ವಾನ್ಸಿನಲ್ಲಿ ಕತ್ತರಿ ಬಿದ್ದವರು ನನಗೆ ಗೊತ್ತು. ಬಾತ್‌ರೂಮಿನ ನೆಲಕ್ಕೆ ನೀರು ಸುರಿದು ತೊಳೆಯುವ ಅಭ್ಯಾಸವನ್ನೂ ಬಿಡಬೇಕು, ಶವರ್ ಬಿಟ್ಟರೆ ಬೇರೆಲ್ಲೂ ನೀರು ಹೋಗುವ ತೂತು ಸಾಮಾನ್ಯವಾಗಿ ಇರುವುದಿಲ್ಲ.

ಬಾಗಿಲು ಎಳೆದುಕೊಂಡರೆ ಹೊರಗಿನಿಂದ ಲಾಕ್. ಕಸ ಹಾಕಲು ಹೋಗುವಾಗಲೂ ಕೀ ಜೇಬಿನಲ್ಲಿರಲಿ. ಭಾನುವಾರ ರಾತ್ರಿ ಬೀಗ ತೆರೆಯುವವರನ್ನು ಕರೆದರೆ ನೂರಾರು ಯೂರೋ ಹೋಗುತ್ತದೆ.

ಕಸದ ವಿಚಾರ ಜಾಸ್ತಿ ಎಳೆಯುವುದಿಲ್ಲ. ಕಾಗದಕ್ಕೆ ನೀಲಿ ಡಬ್ಬ, ಹಸಿ ಕಸಕ್ಕೆ ಕಂದು, ಉಳಿದದ್ದಕ್ಕೆ ಬೂದು. ಗಾಜಿನ ಬಾಟಲಿಗಳನ್ನು ಬೀದಿಯ ದೊಡ್ಡ ಡಬ್ಬಗಳಿಗೆ ಬಣ್ಣ ನೋಡಿ ಹಾಕಬೇಕು, ಆದರೆ ಭಾನುವಾರ ಬೇಡ, ಸದ್ದಾಗುತ್ತದೆ ಅಂತ. ನೀರು, ಕೋಲಾದ ಪ್ಲಾಸ್ಟಿಕ್ ಬಾಟಲಿಗಳಿಗೆ ಸಾಮಾನ್ಯವಾಗಿ 25 ಸೆಂಟ್ ಡಿಪಾಸಿಟ್ ಇದೆ, ಸೂಪರ್‌ಮಾರ್ಕೆಟ್‌ನ ಮೆಷಿನ್‌ಗೆ ಹಾಕಿದರೆ ಚೀಟಿ ಬರುತ್ತದೆ. ನಮ್ಮಲ್ಲಿ ಬಾಟಲಿ ಖಾಲಿಯಾದ ಕೂಡಲೇ ಹಿಂಡಿ ಚಪ್ಪಟೆ ಮಾಡುತ್ತೇವೆ ಅಲ್ವಾ, ಇಲ್ಲಿ ಹಾಗೆ ಮಾಡಿದರೆ ಮೆಷಿನ್ ತೆಗೆದುಕೊಳ್ಳುವುದಿಲ್ಲ. ಕೊಳಾಯಿ ನೀರು ಕುಡಿಯಬಹುದು, ಬಾಟಲಿಯೇ ಬೇಕಿಲ್ಲ.

ಅಂಗಡಿಗಳು ರಾತ್ರಿ ಎಂಟಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ರಜಾದಿನಕ್ಕೂ ಅದೇ ಕಥೆ. ನಮ್ಮ ರಾಜ್ಯೋತ್ಸವದ ನವೆಂಬರ್ 1 ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲೂ ರಜೆ, ಸಕಲ ಸಂತರ ದಿನ. ಪಾಯಸ ಮಾಡೋಣ ಅಂತ ಬೆಳಿಗ್ಗೆ ಹಾಲಿಗೆ ಹೊರಟರೆ ಬೀದಿಯೆಲ್ಲ ಬಣಬಣ. 2025ರಲ್ಲಂತೂ ಅದು ಶನಿವಾರ ಬಂದು, ಎರಡು ದಿನ ಸಾಲಾಗಿ ಅಂಗಡಿ ಬಂದ್. ತೀರಾ ಅಗತ್ಯ ಬಿದ್ದರೆ ಮುಖ್ಯ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಗಳಿಗೆ ಹೋಗಿ.

ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಫೋನಿನಲ್ಲಿ ಊರಿನವರ ಹತ್ತಿರ ಮಾತಾಡುವಾಗ ನಮ್ಮ ಗಂಟಲು ತಾನಾಗೇ ಏರುತ್ತದೆ, ಗೋಡೆ ತೆಳು. ಮಾರನೇ ದಿನ ಬಾಗಿಲಿಗೆ ಚೀಟಿ ಅಂಟಿರಬಹುದು. ಅದನ್ನು ಜಗಳ ಅಂದುಕೊಳ್ಳಬೇಡಿ, ಇಲ್ಲಿ ಜನ ಹೇಳುವುದೇ ಹೀಗೆ. "ಸಾರಿ" ಅಂದರೆ ಅಲ್ಲಿಗೆ ಮುಗಿಯಿತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ಊರಿಗೂ ನಮಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಸುಕಿನ ಐದಕ್ಕೆ ಫೋನ್ ಬರುತ್ತದೆ, "ಇನ್ನೂ ಎದ್ದಿಲ್ವೇನೋ?" ಅಂತ.