ರೇಷ್ಮೆಯೊಳಗಿನ ಹತ್ತಿ: 1860ರ ಮಾದರಿಯ ಮದುವೆ ಉಡುಪು ಹೊಲಿದ ನನ್ನ ಅನುಭವ

ರವಿಕೆಗೆ ಲೈನಿಂಗ್ ಕೊಡುವುದನ್ನು ನಾನು ದಾವಣಗೆರೆಯಲ್ಲಿ ಅಮ್ಮನ ಮಷೀನಿನ ಪಕ್ಕ ಕೂತು, ಹದಿನಾಲ್ಕನೇ ವಯಸ್ಸಿಗೇ ಕಲಿತವಳು. ನಾಟಿಂಗ್‌ಹ್ಯಾಮ್‌ನಲ್ಲಿ ಪಕ್ಕದ ಮನೆಯ ಹುಡುಗಿ ತನ್ನ ಮದುವೆಗೆ ವಿಕ್ಟೋರಿಯಾ ಕಾಲದ ರೇಷ್ಮೆ ಉಡುಪು ಬೇಕು ಅಂದಾಗ ಆ ಧೈರ್ಯದ ಮೇಲೇ ಒಪ್ಪಿಕೊಂಡೆ. ಮೊದಲ ಬಾಡಿಸ್ (ಉಡುಪಿನ ಮೇಲ್ಭಾಗ) ಹಾಳಾಗಿದ್ದೂ ಆ ಧೈರ್ಯದಿಂದಲೇ.

ಬಣ್ಣ ಬಿಳಿಯೇ ಇರಬೇಕು ಅಂತ ಅವಳಮ್ಮ ಹಟ ಹಿಡಿದಿದ್ದರು. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ಬಿಳಿ ಸ್ಯಾಟಿನ್, ಹಾನಿಟನ್ ಲೇಸ್ ತೊಟ್ಟು ಮದುವೆಯಾದದ್ದು ನಿಜ. ಆದರೆ ಸಾಮಾನ್ಯ ಮನೆಗಳ ಎಷ್ಟೋ ವಧುಗಳು ಅದಾದ ಮೇಲೂ ದಶಕಗಟ್ಟಲೆ ಬಣ್ಣದ ರೇಷ್ಮೆಯನ್ನೇ ಹೊಲಿಸಿದರು. ಒಂದೇ ದಿನಕ್ಕೆ ಅಂತ ಉಡುಪು ಮಾಡಿಸುವ ಶಕ್ತಿ ಎಷ್ಟು ಜನಕ್ಕಿತ್ತು? ಮದುವೆಯ ಉಡುಪೇ ಮುಂದೆ ಭಾನುವಾರದ ಉಡುಪು. 1856ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಕೃತಕ ನೇರಳೆ ಬಣ್ಣ ಕಂಡುಹಿಡಿದಿದ್ದ. 1858ರಲ್ಲಿ ಹಿರಿಯ ಮಗಳ ಮದುವೆಗೆ ರಾಣಿಯೇ ಮಾವ್ (ತಿಳಿ ನೇರಳೆ) ಬಣ್ಣ ತೊಟ್ಟಳು. ಹೀಗಂದ ಮೇಲೆ ಅವಳಮ್ಮ ಸುಮ್ಮನಾದರು. ಊರಿಗೆ ಹೋಗಿದ್ದಾಗ ಚಿಕ್ಕಪೇಟೆಯಿಂದ ತಿಳಿ ನೇರಳೆಯ ಗರಿಗರಿ ಟಫೆಟಾ ರೇಷ್ಮೆ ಒಂಬತ್ತು ಮೀಟರ್ ತಂದೆ, ಪನ್ನ (ಬಟ್ಟೆಯ ಅಗಲ) 44 ಇಂಚು.

ಬಾಡಿಸನ್ನು ಸ್ಕರ್ಟಿನಿಂದ ಬೇರೆಯೇ ಹೊಲಿಯುವುದು. ಆಗ ಇಂಗ್ಲೆಂಡಿನಲ್ಲಿ ಮದುವೆ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಬೇಕೆಂಬ ಕಾನೂನಿತ್ತು (ಅದನ್ನು ಮೂರು ಗಂಟೆಗೆ ವಿಸ್ತರಿಸಿದ್ದು 1886ರಲ್ಲಿ). ಹಾಗಾಗಿ ಮದುವೆಗೆ ಹಗಲಿನ ಉಡುಪೇ: ಕುತ್ತಿಗೆ ಮುಚ್ಚಿದ, ಉದ್ದ ತೋಳಿನದು. ನಾನು ರೇಷ್ಮೆಯನ್ನೊಂದು, ಲೈನಿಂಗನ್ನೊಂದು ಬೇರೆ ಬೇರೆ ಹೊಲಿದು, ರವಿಕೆಯ ಹಾಗೆ ಒಂದರೊಳಗೊಂದು ಸೇರಿಸಿ ತಿರುಗಿಸಿದೆ. ಹಾಕಿ ನೋಡಿದರೆ ಎದೆಯಿಂದ ಸೊಂಟದವರೆಗೆ ಅಡ್ಡಡ್ಡ ಸುಕ್ಕು. ಸುಕ್ಕು ತೆಗೆಯಲು ನೀರು ಚಿಮುಕಿಸಿ ಇಸ್ತ್ರಿ ಮಾಡಿದೆ, ಟಫೆಟಾ ಮೇಲೆ ನೀರಿನ ಕಲೆ ಹಾಗೇ ನಿಂತಿತು. ಒಂದೂವರೆ ಮೀಟರ್ ಹೋಯಿತು.

ಆಮೇಲೆ ಒಬ್ಬರ ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಬಾಡಿಸ್ ಒಂದರ ಒಳಮೈ ನೋಡುವ ಅವಕಾಶ ಸಿಕ್ಕಿತು. ಅದು 1890ರ ದಶಕದ್ದು. ಹೊರಗಿನ ರೇಷ್ಮೆ ಉದ್ದುದ್ದಕ್ಕೆ ಸೀಳಿ ಹಪ್ಪಳದಂತೆ ಉದುರುತ್ತಿತ್ತು. ರೇಷ್ಮೆಯ ಅಂಟು ತೆಗೆದರೆ ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ಅದನ್ನು ತುಂಬಿಸಲು ಆ ಕಾಲದ ಬಣ್ಣದವರು ತವರದ ಲವಣಗಳನ್ನು ಊಡಿಸುತ್ತಿದ್ದರು, ಎಳೆ ಸೀಳುವುದು ಅದರಿಂದ. ಆದರೆ ಒಳಗಿನ ಹತ್ತಿ ಬಟ್ಟೆ ಗಟ್ಟಿಯಾಗಿತ್ತು, ಉಡುಪಿನ ಆಕಾರವೂ ಕೆಟ್ಟಿರಲಿಲ್ಲ. ಅಲ್ಲಿಗೆ ನನ್ನ ತಪ್ಪು ಗೊತ್ತಾಯಿತು. ಇಲ್ಲಿ ಮೈಗೆ ಕೂರುವುದು ಹತ್ತಿ. ರೇಷ್ಮೆ ಅದರ ಮೇಲೆ ಸವಾರಿ ಮಾಡುತ್ತದೆ ಅಷ್ಟೇ.

ಎರಡನೇ ಸಲ ಒತ್ತಾದ ಹತ್ತಿ ಟ್ವಿಲ್‌ನಲ್ಲಿ ಮೊದಲು ತುಂಡುಗಳನ್ನು ಕತ್ತರಿಸಿದೆ. ಪ್ರತಿ ತುಂಡಿನ ಮೇಲೆ ರೇಷ್ಮೆ ಹಾಸಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಎಂಬಂತೆ ಜೋಡಿಸಿದೆ. ಗುಂಡುಸೂಜಿ ತೂತು ಟಫೆಟಾದಲ್ಲಿ ಉಳಿದುಬಿಡುತ್ತದೆ, ಅದಕ್ಕೆ ಸೂಜಿ ಚುಚ್ಚಿದ್ದೆಲ್ಲ ಅಂಚಿನ ಮಾರ್ಜಿನ್‌ನಲ್ಲೇ. ಒಳಗಡೆ ಹೊಲಿಗೆಯ ಅಂಚುಗಳನ್ನು ಎರಡೂ ಕಡೆಗೆ ಅಗಲಿಸಿ ಇಸ್ತ್ರಿ ಮಾಡಿ, ಅವನ್ನು ಕೈಹೊಲಿಗೆಯಲ್ಲೇ ಸುತ್ತಿದೆ. ಸುಕ್ಕು ಮಾಯ.

ಅಳತೆಯನ್ನು ಕಾರ್ಸೆಟ್ (ಸೊಂಟ ಬಿಗಿಯುವ ಒಳಉಡುಪು) ಕಟ್ಟಿಸಿದ ಮೇಲೆಯೇ ತೆಗೆಯಬೇಕು. ಮುಂಭಾಗಕ್ಕೆ ಎರಡೆರಡು ಟಕ್ಸ್. ಬೆನ್ನು ಮಾತ್ರ ವಿಚಿತ್ರ: ಸೊಂಟದ ಹತ್ತಿರ ಬೆರಳಗಲಕ್ಕೆ ಇಳಿಯುವ ಮೂರು ತುಂಡು. ಭುಜದ ಹೊಲಿಗೆ ಭುಜದ ಮೇಲಿರದೆ ಬೆನ್ನಿಗೆ ಸರಿದಿರುತ್ತದೆ, ತೋಳು ಶುರುವಾಗುವುದು ಭುಜದಿಂದ ಕೆಳಗೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿ, "ಏನೇ ಇದು, ತೋಳು ಜಾರಿ ಬಿದ್ದೈತಲ್ಲೇ! ಕೈ ಎತ್ತೋದು ಹೆಂಗೆ?" ಅಂದರು. ಎತ್ತುವ ಹಾಗೇ ಇಲ್ಲಮ್ಮ, ಅಂದೆ. ಕೈ ಎತ್ತಿ ಕೆಲಸ ಮಾಡುವವಳು ತಾನಲ್ಲ ಅಂತ ತೋರಿಸುವುದೂ ಆ ಫ್ಯಾಷನ್ನಿನ ಭಾಗವಾಗಿತ್ತು ಅನ್ನುವುದು ನನ್ನ ಅನಿಸಿಕೆ.

ಟಕ್ಸ್‌ಗಳ ಮೇಲೆ, ಪಕ್ಕದ ಹೊಲಿಗೆಗಳ ಮೇಲೆ ಒಳಗಿನಿಂದ ಕಡ್ಡಿಗಳು ಬರುತ್ತವೆ. ಆಗ ತಿಮಿಂಗಿಲದ ಬಾಯಿಯಲ್ಲಿರುವ ಬಲೀನ್ ಎಂಬ ಬಾಗುವ ಪಟ್ಟಿ, ಈಗ ಪ್ಲಾಸ್ಟಿಕ್. (ಹಾರ್ಡ್‌ವೇರ್ ಅಂಗಡಿಯ ಅಗಲ ಕೇಬಲ್ ಟೈ ಸಹ ನಡೆಯುತ್ತದೆ, ನಾಚಿಕೊಳ್ಳಬೇಕಿಲ್ಲ.) ಕಡ್ಡಿ ತನ್ನನ್ನು ತೂರಿಸುವ ಬಟ್ಟೆಪಟ್ಟಿಗಿಂತ ಕೂದಲೆಳೆಯಷ್ಟು ಉದ್ದ ಇರಬೇಕು. ಬಿಗಿಯಾಗಿ ತುರುಕಿದರೆ ಅದು ಸೊಂಟದ ಬಳಿ ಬಿಲ್ಲಿನಂತೆ ಬಾಗಿ, ಸುಕ್ಕು ಬೀಳದಂತೆ ಬಟ್ಟೆಯನ್ನು ಎಳೆದು ಹಿಡಿಯುತ್ತದೆ. ಕಂಕುಳ ಮುಂದೆ, ಎದೆಯ ಮೇಲೆ ಬೀಳುವ ಹಳ್ಳಕ್ಕೆ ತೆಳ್ಳಗೆ ಹತ್ತಿ ಇಟ್ಟು ಹೊಲಿದೆ. ಮುಂದಿನ ಹುಕ್ಕುಗಳನ್ನು ಒಂದು ಹುಕ್ಕು, ಒಂದು ಕೊಂಡಿ ಅಂತ ಅದಲುಬದಲಾಗಿ ಹಾಕಿದರೆ ಕೂತಾಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಈಗ ನನ್ನ ರವಿಕೆಗಳಿಗೂ ಹಾಗೇ ಹಾಕುತ್ತೇನೆ.

ಸ್ಕರ್ಟ್ ಸುಲಭ, ಆದರೆ ಬೇಸರದ ಕೆಲಸ. ಆ ಕಾಲದ ರೇಷ್ಮೆಯ ಪನ್ನ ಇಪ್ಪತ್ತು ಇಂಚಿನ ಆಸುಪಾಸು ಇರುತ್ತಿತ್ತು. ನಾನು ಬಟ್ಟೆಯನ್ನು ಮಧ್ಯಕ್ಕೆ ಕತ್ತರಿಸಿ 22 ಇಂಚಿನ ಎಂಟು ಪಟ್ಟಿ ಮಾಡಿ ಜೋಡಿಸಿದೆ. ಸುಮಾರು 170 ಇಂಚಿನ ಸುತ್ತಳತೆಯನ್ನು 27 ಇಂಚಿನ ಸೊಂಟಪಟ್ಟಿಗೆ ನೆರಿಗೆ ಹಿಡಿಯಬೇಕು. ಕ್ರಿನೋಲಿನ್ ಅಂದರೆ ಸ್ಕರ್ಟಿನೊಳಗೆ ತೊಡುವ ಬಳೆಬಳೆಯ ಪಂಜರ, ಅದರ ಮೇಲೆ ಸ್ಕರ್ಟ್ ಹಿಂದೆ ಹೆಚ್ಚು ಉಬ್ಬುತ್ತದೆ, ಆಗ ಅಂಚು ಏರುಪೇರು. ನಾವಾದರೆ ಕೆಳಗೆ ಕತ್ತರಿಸಿ ಸರಿಮಾಡುತ್ತೇವೆ. ಅವರು ಅಂಚನ್ನು ಮುಟ್ಟದೆ, ಹೆಚ್ಚಾದದ್ದನ್ನು ಸೊಂಟದಲ್ಲಿ ಒಳಮಡಚಿ ಸರಿದೂಗಿಸುತ್ತಿದ್ದರು. ಒಂದಿಂಚೂ ವ್ಯರ್ಥವಿಲ್ಲ, ಮುಂದೆ ಬಿಚ್ಚಿ ಬೇರೆ ಏನಾದರೂ ಹೊಲಿಯಬಹುದು. ಅಂಚಿನೊಳಗೆ ಆರಿಂಚು ಹತ್ತಿ ಪಟ್ಟಿ, ತುದಿಗೆ ಉಣ್ಣೆಯ ಬ್ರೇಡ್ (ಹೆಣೆದ ಪಟ್ಟಿ). ಬೀದಿಗೆ ಉಜ್ಜಿ ಸವೆಯುವುದು ಬ್ರೇಡ್, ಸವೆದರೆ ಅದನ್ನಷ್ಟೇ ಬದಲಿಸಿದರಾಯಿತು. ನಮ್ಮ ಸೀರೆಯ ಫಾಲ್ ಮಾಡುವ ಕೆಲಸವೇ ಅದು. ನಾಲ್ಕು ಸಂಜೆ ಹಿಡಿದ ಆ ಹೆಮ್ಮಿಂಗ್‌ಗೆ ನಾನು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಮದುವೆಯ ದಿನ ಅವಳಿಗೆ ಕೈ ಎತ್ತಲು ಆಗದೆ ತಲೆಯ ಮುಸುಕನ್ನು ಅವಳಮ್ಮನೇ ಸಿಕ್ಕಿಸಿದರು. ಕಾರಿನಲ್ಲಿ ಪಂಜರ ಮುಖದವರೆಗೆ ಎದ್ದು ಎಲ್ಲರೂ ನಕ್ಕರು. ಈಗ ಅದೇ ಸ್ಕರ್ಟಿಗೆ ಸಂಜೆಯ ಬಾಡಿಸ್ ಬೇಕಂತೆ, ಅಗಲ ಕುತ್ತಿಗೆ, ಗಿಡ್ಡ ತೋಳಿನದು. ಒಂದು ಸ್ಕರ್ಟಿಗೆ ಎರಡು ಬಾಡಿಸ್ ಇಡುವುದು ಆಗಿನ ರೂಢಿಯೂ ಹೌದು. ಉಳಿದಿರುವುದು ಒಂದು ಮೀಟರ್ ಚಿಲ್ಲರೆ. ಹಾಳಾದ ಮೊದಲ ಬಾಡಿಸನ್ನು ನಿನ್ನೆ ಬಿಚ್ಚಿ ನೋಡಿದೆ, ಕಲೆ ಬಿಟ್ಟು ಕತ್ತರಿಸಿದರೆ ಎರಡು ತೋಳಿಗೆ ಸಾಕಾಗುತ್ತದೆ.