ಉಡುಪಿಗೆ ಎಂಟು ದಿನ

"ಭಾವ, ರಾತ್ರಿ ಬಸ್ಸಲ್ಲಿ ಮಲಗಿದ್ರೆ ಬೆಳಿಗ್ಗೆ ಉಡುಪೀಲಿ ಏಳ್ತೀವಿ. ನೀವು ಎಂಟು ದಿನ ಏನ್ ಮಾಡಿದ್ರಿ, ಗಾಡಿ ತಳ್ಕೊಂಡು ಹೋದ್ರಾ?" ನನ್ನ ಭಾವಮೈದ ಫೋನಿನಲ್ಲಿ ಕೇಳಿದ್ದು ಇದು. ಮೂರು ಸಲ ಸೋತವನ ಮಾತನ್ನು ಯಾರು ನಂಬುತ್ತಾರೆ? ಆದರೆ ಕಳೆದ ಮಾರ್ಚಿನಲ್ಲಿ ನಾನು, ನಮ್ಮನೆಯವಳು ಇಬ್ಬರೇ ಬೆಂಗಳೂರಿನ ಹನುಮಂತನಗರದಿಂದ ಹೊರಟು ಹದಿಮೂರು ದಿನ ಸುತ್ತಿ, ಜಗಳವಿಲ್ಲದೆ, ಸೊಂಟ ನೋವಿಲ್ಲದೆ, ಸಾಲವಿಲ್ಲದೆ ಮನೆಗೆ ಬಂದೆವು. ಹೇಗೆ ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಮೊದಲು ಸೋತದ್ದು. 2016ರಲ್ಲಿ ಇರಬೇಕು, ಎಲ್ಲರ ಹಾಗೆ ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಮಧ್ಯಾಹ್ನದ ಊಟಕ್ಕೆ ಕರಾವಳಿ ಮುಟ್ಟಿದೆ. ಹೆಮ್ಮೆಯಿಂದ ಗಡಿಯಾರ ನೋಡಿಕೊಂಡೆ. "ದಾರೀಲಿ ಏನ್ ನೋಡಿದ್ವಿ ರೀ?" ಅಂದಳು. ಲಾರಿಗಳ ಹಿಂಭಾಗ ಬಿಟ್ಟರೆ ನನಗೇನೂ ನೆನಪಾಗಲಿಲ್ಲ. ಎರಡು ದಿನ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದಾಯಿತು. 2019ರಲ್ಲಿ ಸುಖವಾಗಿ ಹೋಗೋಣ ಅಂತ ರೆಸಾರ್ಟು. ನಾಲ್ಕು ದಿನಕ್ಕೆ ನಲವತ್ತಾರು ಸಾವಿರ ಕೈಬಿಟ್ಟಿತು. ಅಲ್ಲಿ ಕಂಡ ಪ್ರಕೃತಿ ಅಂದರೆ ಈಜುಕೊಳದ ಪಕ್ಕದ ಲಾನು. ಮೂರನೆಯದು 2022ರ ಜುಲೈ. ಐದೂ ರಾತ್ರಿಗೆ ಮೊದಲೇ ರೂಮು ಹಿಡಿದು ದುಡ್ಡು ಕಟ್ಟಿದ್ದೆ. ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿತು. ಹನ್ನೊಂದು ಸಾವಿರ ಅಡ್ವಾನ್ಸು ಹೋದದ್ದು ಹೋಗೇ ಹೋಯಿತು. ಒಬ್ಬ ಮಾಲೀಕನಂತೂ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಅದೇ ಪ್ರವಾಸದಲ್ಲಿ ಖರ್ಚು ಉಳಿಸಲು ಡಿಕ್ಕಿಯಲ್ಲಿ ಸ್ಟೌವ್ ಇಟ್ಟುಕೊಂಡಿದ್ದೆ. ಗಾಳಿಗೆ ಉಪ್ಪಿಟ್ಟು ಅರ್ಧ ಬೆಂದು ಅರ್ಧ ಹಾರಿತು. ಆ ಸ್ಟೌವ್ ಈಗ ಅಟ್ಟದ ಮೇಲಿದೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಈ ಸಲ ನಿಯಮ ಎರಡೇ. ದಿನಕ್ಕೆ ನೂರು ಕಿಲೋಮೀಟರ್, ಬಹಳ ಅಂದರೆ ನೂರೈವತ್ತು. ಆ ರಾತ್ರಿಯ ರೂಮು ಬಿಟ್ಟು ಮುಂದಿನದಕ್ಕೆ ಒಂದು ರೂಪಾಯಿಯೂ ಕೊಡಕೂಡದು. ಹೊರಡುವುದು ಮಂಗಳವಾರ. ಶುಕ್ರವಾರ ರಾತ್ರಿ ಹೊರಡುವವರ ಪಾಡು ಗೊರಗುಂಟೆಪಾಳ್ಯದ ಸಿಗ್ನಲ್ಲಿಗೇ ಗೊತ್ತು. ಬೆಳಿಗ್ಗೆ ಎಂದಿನಂತೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ, ಇಡ್ಲಿ ತಿಂದು, ಸ್ನಾನ ಮುಗಿಸಿ, ಆಫೀಸಿನ ದಂಡು ಇಳಿದ ಮೇಲೆ ಗಾಡಿ ತೆಗೆದೆ. ಪೀಣ್ಯ ಫ್ಲೈಓವರ್ ಹತ್ತಿದಾಗ ಹನ್ನೊಂದೂವರೆ. ಕಾರು ಹನ್ನೆರಡು ವರ್ಷ ಹಳೆಯದು, ಸಣ್ಣದು. ಟೈರು, ಕೂಲೆಂಟು, ಫಾಸ್ಟ್ಯಾಗಿನ ವಿಷಯ ನಿಮಗೇ ಗೊತ್ತಿರುತ್ತದೆ.

ಮೊದಲ ದಿನ ಕುಣಿಗಲ್, ಯಡಿಯೂರು, ಹಿರೀಸಾವೆ ದಾಟಿ ಶ್ರವಣಬೆಳಗೊಳ. ನಾವು ಮಾಡಿದ ಒಂದೇ ಜಾಣತನ ಅಂದರೆ ಅವತ್ತು ಬೆಟ್ಟ ಹತ್ತದೆ ಮಲಗಿದ್ದು. ಮರುದಿನ ಬಂಡೆ ಕಾಯುವ ಮೊದಲೇ ಬರಿಗಾಲಲ್ಲಿ ಆರುನೂರಕ್ಕೂ ಮೇಲಿನ ಮೆಟ್ಟಿಲು ಹತ್ತಿ ಬಂದೆವು. ಇವಳಿಗೆ ಆಮೇಲೆ ಗೊಮ್ಮಟರ ಮುಖ ಹೋಲಿಸುವ ಹುಚ್ಚು ಹಿಡಿಯಿತು: ಬೆಳಗೊಳದ 58 ಅಡಿ, ಘಟ್ಟ ಇಳಿದ ಮೇಲೆ ವೇಣೂರಿನ 1604ರದ್ದು, ಕಾರ್ಕಳದ 1432ರದ್ದು. ವೇಣೂರಿನವನೇ ನಗುವವನು ಅಂತ ಇವಳ ತೀರ್ಪು. ನಾನು ತಕರಾರು ಮಾಡಲಿಲ್ಲ, ನೆರಳಲ್ಲಿ ಎಳನೀರು ಕುಡಿಯುತ್ತಿದ್ದೆ.

ಬೇಲೂರಿನ ದೇವಸ್ಥಾನದ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ. ಅಲ್ಲಿಂದ ಚಿಕ್ಕಮಗಳೂರು, ಲಿಂಗದಹಳ್ಳಿ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವಾಗ ಗಾಡಿಯ ಹೊಗೆ ಕಂಡಿತು. ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲವಾಗಿ ನೀರೆಲ್ಲ ಖಾಲಿ. ಹೊರಡುವ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿಗೆ ಸರ್ವೀಸಿಗೆ ಅಂತ ಆರು ಸಾವಿರ ಸುರಿದಿದ್ದೆ. ಲಿಂಗದಹಳ್ಳಿಯ ಹುಡುಗ ಹೊಸ ಕ್ಲಿಪ್ಪು ಹಾಕಿ ಮುನ್ನೂರೈವತ್ತು ತಗೊಂಡ, ಜೊತೆಗೆ ಕಾಫಿ ಅವನದ್ದೇ. ಮೂರು ಗಂಟೆ ಹೋಯಿತು. ಹಿಂದಿನ ಪ್ರವಾಸದಲ್ಲಾಗಿದ್ದರೆ ಆ ಮೂರು ಗಂಟೆಗೆ ಗಂಡ ಹೆಂಡಿರ ಮಾತೇ ನಿಂತಿರುತ್ತಿತ್ತು. ಈ ಸಲ ತಲುಪಬೇಕಾದ್ದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ.

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಜಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದೂ ಇಲ್ಲಿಂದಲೇ. ಈಗ ತೋಟಗಾರಿಕೆ ಇಲಾಖೆಯ ಹೂದೋಟ. ಇವಳು ಗುಲಾಬಿ ಮಡಿಯ ಮುಂದೆ ಕೂತವಳು ಸಂಜೆವರೆಗೆ ಏಳಲಿಲ್ಲ. ನಾನು ರಾಜಭವನದ ಕಟ್ಟೆಯ ಮೇಲೆ ನಿದ್ದೆ ಹೊಡೆದೆ.

ಈ ಪ್ರವಾಸ ಗೆದ್ದದ್ದು ಮೂಡಿಗೆರೆಯ ಸುತ್ತ. ಶುಕ್ರವಾರ ಸಂಜೆ ರಸ್ತೆ ಬದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಪಕ್ಕದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೈಕ್ ನಿಲ್ಲಿಸಿ ಮಾತಿಗೆ ಬಂದರು. ನಾವು ನಾಳೆ ಘಟ್ಟ ಇಳಿಯುತ್ತೇವೆ ಅಂದೆ. "ಎರಡು ದಿನ ತಡೀರಿ ಸಾರ್. ಹೋದ ಶನಿವಾರ ಹೂಮಳೆ, ಅಂದ್ರೆ ಕಾಫಿ ಹೂ ಬಿಡಿಸೋ ಮಳೆ, ಚೆನ್ನಾಗಿ ಹೊಡೀತು. ಭಾನುವಾರ, ತಪ್ಪಿದ್ರೆ ಸೋಮವಾರ ತೋಟ ಎಲ್ಲ ಬೆಳ್ಳಗಾಗುತ್ತೆ. ರೋಬಸ್ಟಾ ಹೂ ನೋಡಿದೀರಾ?" ನೋಡಿರಲಿಲ್ಲ. ಐವತ್ತೆಂಟು ವರ್ಷ, ದಿನಕ್ಕೆ ನಾಲ್ಕು ಲೋಟ ಕಾಫಿ, ಆದರೂ ಕಾಫಿ ಹೂ ನೋಡಿರಲಿಲ್ಲ. ಮುಂದಿನ ರೂಮಿಗೆ ದುಡ್ಡು ಕಟ್ಟಿರಲಿಲ್ಲವಲ್ಲ, ಉಳಿದೆವು.

ಸುಲಭವಾಗಿರಲಿಲ್ಲ. ಶನಿವಾರ ಬೆಳಿಗ್ಗೆಯೇ ಬೆಂಗಳೂರಿನ ಗಾಡಿಗಳು ಹತ್ತತೊಡಗಿದವು. ಶುಕ್ರವಾರ ಸಾವಿರದ ಮುನ್ನೂರಕ್ಕೆ ಕೊಟ್ಟ ರೂಮಿಗೆ ಶನಿವಾರ ಎರಡೂವರೆ ಸಾವಿರ ಕೇಳಿದರು. ಗಂಟು ಕಟ್ಟಿಕೊಂಡು ಗೊಬ್ಬರದಂಗಡಿಯ ಮೇಲಿನ ಒಂದು ಲಾಡ್ಜಿಗೆ ಹೋದೆವು. ಒಂಬೈನೂರು. ರಾತ್ರಿಯಿಡೀ ಯೂರಿಯಾ ವಾಸನೆ. ನನ್ನ ವಿಧಾನದ ದೊಡ್ಡ ಕೊರತೆ ಇದೇ, ಮುಚ್ಚಿಡುವುದಿಲ್ಲ: ಶನಿವಾರ, ಭಾನುವಾರ ಘಟ್ಟದ ಮೇಲೆ ಸಿಕ್ಕಿಹಾಕಿಕೊಳ್ಳಬಾರದು. ನಾವು ಗೊತ್ತಿದ್ದೂ ಸಿಕ್ಕಿಕೊಂಡೆವು.

ಭಾನುವಾರ ಬೆಳಿಗ್ಗೆ ಹೋದಾಗ ಏನೂ ಇಲ್ಲ. ರೆಂಬೆ ರೆಂಬೆಗೂ ಸಣ್ಣ ಮೇಣದಬತ್ತಿ ಚುಚ್ಚಿಟ್ಟ ಹಾಗೆ ತಿಳಿಹಸಿರು ಮೊಗ್ಗು. ಕೆರೆ ಇದ್ದ ಒಬ್ಬಿಬ್ಬರು ಸ್ಪ್ರಿಂಕ್ಲರ್ ಹಾಕಿ ಮೊದಲೇ ಹೂ ಬರಿಸಿಕೊಂಡಿದ್ದರು, ಅಲ್ಲಿ ಹೂ ಆಗಲೇ ಕಂದುಗಟ್ಟಿತ್ತು. ಇವಳ ಮುಖ ಸಪ್ಪೆಯಾಯಿತು. ಸೋಮವಾರ ಆರೂವರೆಗೆ ಅದೇ ತಿರುವಿನಲ್ಲಿ ಗಾಡಿಯ ಕಿಟಕಿ ಇಳಿಸಿದೆ. ಮೊದಲು ಬಂದದ್ದು ವಾಸನೆ, ಮಲ್ಲಿಗೆಯದೇ, ಆದರೆ ಸ್ವಲ್ಪ ಜೇನು ಬೆರೆತದ್ದು. ಆಮೇಲೆ ಸದ್ದು. ತೋಟದ ತುಂಬ ಜೇನುನೊಣ, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತ ಹಾಗೆ ಗುಂಯ್ ಅನ್ನುತ್ತಿತ್ತು. ಗಿಡಗಳ ಮೇಲೆ ಯಾರೋ ರಾತ್ರಿ ಮಂಡಕ್ಕಿ ಚೆಲ್ಲಿ ಹೋದಂತಿತ್ತು. ನಾವಿಬ್ಬರೂ ಒಂದು ಗಂಟೆ ಮಾತಾಡಲಿಲ್ಲ. ಎರಡು ಮೂರು ದಿನ ಅಷ್ಟೇ ಇರುವ ಹೂವಂತೆ. ಭಾವಮೈದ ವರ್ಷಕ್ಕೆ ನಾಲ್ಕು ಸಲ ಚಿಕ್ಕಮಗಳೂರಿಗೆ ಹೋಗುತ್ತಾನೆ, ಅವನು ನೋಡಿಲ್ಲ. ಇದನ್ನು ಅವನಿಗೆ ಕನಿಷ್ಠ ಆರು ಸಲ ಹೇಳಿದ್ದೇನೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು, ಪೂರ್ತಿ ಎರಡನೇ ಗೇರಿನಲ್ಲಿ. ಬ್ರೇಕ್ ತುಳಿದುಕೊಂಡೇ ಇಳಿದವರ ಗಾಡಿಗಳು ಉಜಿರೆ ಬರುವಷ್ಟರಲ್ಲಿ ವಾಸನೆ ಹೊಡೆಯುತ್ತಿದ್ದವು. ಅವತ್ತು ರಾತ್ರಿ ಕಾರ್ಕಳ.

ನಡುವೆ ಗಿಡದ ಕಥೆ ಹೇಳಬೇಕು. ಇವಳು ಎಲ್ಲಿ ಹೋದರೂ ಕಡ್ಡಿ ಕೇಳುತ್ತಾಳೆ. ನಾಚಿಕೆ ಎಂಬುದಿಲ್ಲ. ಶ್ರವಣಬೆಳಗೊಳದಲ್ಲಿ ತಗೊಂಡ ದಾಸವಾಳದ ಕಡ್ಡಿಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಡಿಕ್ಕಿಗೆ ಹಾಕಿದ್ದಳು. ಬೇಲೂರಿನಲ್ಲಿ ಎರಡು ಗಂಟೆ ಬಿಸಿಲಿಗೆ ನಿಂತದ್ದಕ್ಕೆ ಸೊಪ್ಪಿನ ಸಾರಿಗೆ ಆಗುವಷ್ಟು ಬೆಂದಿದ್ದವು. ಮೂಡಿಗೆರೆಯ ಹತ್ತಿರ ಒಬ್ಬ ಅಜ್ಜಿ ಕೊಟ್ಟ ಡೇರೆ ಗಡ್ಡೆಗಳಿಗೆ ಏನೂ ಆಗಲಿಲ್ಲ, ಅವು ಗಟ್ಟಿ ಪಿಂಡ. ದಾರಿ ಸಿಕ್ಕಿದ್ದು ಶಂಕರಪುರದಲ್ಲಿ. ಕಾರ್ಕಳದಿಂದ ಉಡುಪಿಗೆ ನೇರ ಹೋಗದೆ ಶಿರ್ವದ ಮೇಲೆ ಬಂದೆವು, ಮಲ್ಲಿಗೆ ನೋಡಲಿಕ್ಕೆಂದೇ. ಅಲ್ಲಿ ಹೂವನ್ನು ಮೊಳದಲ್ಲಿ ಅಳೆಯುವುದಿಲ್ಲ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲು. ಮದುವೆಯ ಕಾಲಕ್ಕೆ ಅಟ್ಟೆ ಸಾವಿರ ದಾಟುವುದೂ ಉಂಟು. ಅವತ್ತು ಐನೂರರ ಆಸುಪಾಸು, ನಾವು ಒಂದೇ ಚೆಂಡು ಕೊಂಡೆವು. ಒಂದು ಮನೆಯ ಜಗುಲಿಯಲ್ಲಿ ಕೂತ ಅಕ್ಕ ಬಾಳೆನಾರಿನಲ್ಲಿ ಹೂ ಹೆಣೆಯುತ್ತಿದ್ದರು. ಅವರ ಬೆರಳು ನೋಡುತ್ತಾ ಇದ್ದರೆ ಗಂಟು ಯಾವಾಗ ಬಿತ್ತು ತಿಳಿಯುವುದಿಲ್ಲ. ಇವಳ ಬೆಂದ ಕಡ್ಡಿಯ ಕಥೆ ಕೇಳಿ ಅವರಿಗೆ ನಗು ಬಂತು. "ಪ್ಲಾಸ್ಟಿಕ್ಕಿಗೆ ಹಾಕಿದ್ರಾ ಮಾರಾಯ್ರೆ? ಅದಕ್ಕೆ ಉಸಿರು ಬೇಡ್ವಾ?" ಅಂದವರೇ ಹಿತ್ತಲಿಂದ ಬಾಳೆಯ ಹಸಿ ಪಟ್ಟೆ ತಂದು, ಒಳಮೈಗೆ ನೀರು ಚಿಮುಕಿಸಿ, ಮಲ್ಲಿಗೆಯ ಆರು ಕಡ್ಡಿ ಸುತ್ತಿ ಕೊಟ್ಟರು. ಪಟ್ಟೆಯೇ ತಂಪು, ಪಟ್ಟೆಯೇ ನೀರು. ಮುಂದೆ ಕಂಡಕಂಡಲ್ಲೆಲ್ಲ ಹಳೆ ಪಟ್ಟೆ ಬಿಸಾಕಿ ಹೊಸದು ಸುತ್ತಿದೆವು. ಒಟ್ಟು ಇಪ್ಪತ್ತೆರಡು ಕಡ್ಡಿಯಲ್ಲಿ ಹದಿಮೂರು ಬೇರು ಬಿಟ್ಟಿವೆ. ನೆಟ್ಟ ಮಣ್ಣಿಗೆ ಇವಳು ಏನು ಬೆರೆಸಿದಳು ಎಂಬುದನ್ನು ಹೇಳಬೇಡಿ ಅಂದಿದ್ದಾಳೆ.

ಎಂಟನೇ ದಿನ ಉಡುಪಿ. ಭಾವಮೈದನಿಗೆ ಫೋಟೊ ಕಳಿಸಿದೆ, ಫೋನ್ ಬಂತು, ಮೇಲೆ ಹೇಳಿದ್ದೇ ಸಂಭಾಷಣೆ.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಎಲ್ಲರೂ ನಿಲ್ಲುತ್ತಾರೆ, ನಾವೂ ನಿಂತೆವು. ಮಾರ್ಚಿನ ಕರಾವಳಿಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಬರುವುದು ದಡ್ಡತನ, ಊಟ ಮಾಡಿ ಮಲಗಬೇಕು. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿಗೆ ಮುಖ ಮಾಡಿದ ಮನೆಯಲ್ಲಿ ಎರಡು ರಾತ್ರಿ, ಸಾವಿರದ ಇನ್ನೂರರ ಲೆಕ್ಕದಲ್ಲಿ, ಬೆಳಗಿನ ತಿಂಡಿ ಸೇರಿ. ಆ ಮನೆ ಯಾವುದು, ಇಂಥ ಮನೆ ಹುಡುಕಲು ಊರಿನಲ್ಲಿ ಮೊದಲು ಯಾರನ್ನು ಮಾತಾಡಿಸಬೇಕು ಎಂಬುದು ನನ್ನ ಹತ್ತಿರವೇ ಇರಲಿ. ಹೇಳಿದರೆ ಮುಂದಿನ ವರ್ಷ ನನಗೇ ಸಿಗುವುದಿಲ್ಲ.

ಗೋಕರ್ಣಕ್ಕೆ ಹೋಗಿ ಬಂದ ದಿನ ರಥಬೀದಿಯಲ್ಲಿ ಲಾವಂಚದ ಚಾಪೆ ಕೊಂಡೆ. ಒದ್ದೆ ಮಾಡಿ ಹಿಂದಿನ ಕಿಟಕಿಗೆ ಕಟ್ಟಿದರೆ ಎಸಿ ಬೇಡ ಎಂಬುದು ನನ್ನ ಲೆಕ್ಕ. ಗಾಡಿಯೊಳಗೆ ದೇವರಮನೆಯ ಪರಿಮಳ ಬಂತು, ತಂಪು ಬರಲಿಲ್ಲ. ಮೂರನೇ ದಿನ ಬೂಸಲು ಹಿಡಿಯಿತು. ಎಸಿ ಇಲ್ಲದೆ ಲೀಟರಿಗೆ ಹದಿನೆಂಟು, ಹಾಕಿದರೆ ಹದಿನೈದು ಸಿಕ್ಕಿತು, ಅದು ಮಾತ್ರ ಪಕ್ಕಾ. ಕುಮಟಾ ಹತ್ತಿರ ಅಳ್ವೆಕೋಡಿಯಲ್ಲಿ ಹೆದ್ದಾರಿಯ ಬದಿ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಕಟ್ಟಿ ತೂಗುಹಾಕಿದ್ದರು. ಚೌಕಾಸಿ ಮಾಡಿ ನಾಲ್ಕು ಗೊಂಚಲು ಹಿಡಿದೆವು. ಹಸಿಯಾಗೇ ಮೊಸರನ್ನದ ಜೊತೆ ಕಡಿಯಬಹುದು. ಅಡುಗೆಮನೆಯ ಸರಳಿಗೆ ಕಟ್ಟಿದ್ದು ಮಳೆಗಾಲ ಪೂರ್ತಿ ಬಂತು.

ಗೇರುಸೊಪ್ಪೆಯ ಮೇಲೆ ಹತ್ತಿ ಜೋಗ ನೋಡಿದೆವು. ನೀರು ನೂಲಿನೆಳೆಯಷ್ಟಿತ್ತು, ಆದರೆ 253 ಮೀಟರ್ ಕಪ್ಪು ಬಂಡೆ ಬರಿಮೈಯಲ್ಲಿ ಕಾಣುವುದು ಬೇಸಿಗೆಯಲ್ಲಿ ಮಾತ್ರ. ಸಾಗರದಲ್ಲಿ ಮಲಗಿ, ಮರುದಿನ ನಿಯಮ ಮುರಿದು ಅರಸೀಕೆರೆವರೆಗೆ ನೂರ ತೊಂಬತ್ತು ಓಡಿಸಿದೆ. ಸೊಂಟ ತಕ್ಷಣ ಹೇಳಿತು.

ಲೆಕ್ಕ, ನೆನಪಿದ್ದಷ್ಟು: ಓಡಿದ್ದು ಸಾವಿರದ ನಾಲ್ಕುನೂರೈವತ್ತರ ಹತ್ತಿರ, ಪೆಟ್ರೋಲು ಒಂಬತ್ತು ಸಾವಿರದ ಮೇಲೆ ಸ್ವಲ್ಪ. ಹನ್ನೆರಡು ರಾತ್ರಿಯ ರೂಮು ಹದಿನೇಳೂವರೆ. ಊಟ, ತಿಂಡಿ, ಬೈಟು ಕಾಫಿ ಎಲ್ಲ ಒಂಬತ್ತೂವರೆ. ಟೋಲು ಏಳೆಂಟು ನೂರು. ಹೂ, ಗಿಡ, ಈರುಳ್ಳಿ, ಬೂಸಲು ಹಿಡಿದ ಚಾಪೆ, ಆ ಕ್ಲಿಪ್ಪು ಸೇರಿ ಮೂರೂವರೆ. ನಲವತ್ತೊಂದು ಸಾವಿರದ ಒಳಗೇ ಮುಗಿಯಿತು, ಅದೂ ಹದಿಮೂರು ದಿನಕ್ಕೆ. ಗ್ಯಾರೇಜಿನ ಆರು ಸಾವಿರ ಇದರಲ್ಲಿ ಸೇರಿಸಿಲ್ಲ, ಅದು ಬೇರೆ ಹೊಟ್ಟೆಯುರಿ.

ಶಂಕರಪುರದ ಆರು ಕಡ್ಡಿಯಲ್ಲಿ ಮೂರು ಬದುಕಿ ತಾರಸಿಯ ಕುಂಡದಲ್ಲಿವೆ. ಹೋದ ವಾರ ಮೊದಲ ಸಲ ಅರಳಿದವು, ಅಲ್ಲಿಯಷ್ಟು ಪರಿಮಳವಿಲ್ಲ. ಹನ್ನೊಂದು ಹೂ ಕಿತ್ತು ತಂದು ತಟ್ಟೆಯಲ್ಲಿಟ್ಟು ಇವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಇನ್ನು ಮೂರು ಸಾವಿರದ ನೂರ ಎಂಬತ್ತೊಂಬತ್ತು ಬಿಟ್ರೆ ಒಂದು ಅಟ್ಟೆ ರೀ."