ಥ್ಯಾಕರೆ ಹೆಸರಿನ ಮೂಲ ಹುಡುಕಿದ್ದು: ನನ್ನ ಅನುಭವ

ಧಾರವಾಡ ಕಡೆ ಸಾಲಿ ಕಲಿತವರಿಗೆ ಥ್ಯಾಕರೆ ಅಂದರೆ ಒಬ್ಬನೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕದನದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದವನು. ಕೆಲಸದ ಸಲುವಾಗಿ ನಾನು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದಾಗ ಆ ಹೆಸರು ಇಲ್ಲಿ ತೀರ ಸಾಮಾನ್ಯವಾಗಿತ್ತು. ಸೇಂಟ್ ಜೇಮ್ಸ್ ಆಸ್ಪತ್ರೆಯ ಪಕ್ಕದಲ್ಲೇ ಥ್ಯಾಕ್‌ರೇ ವೈದ್ಯಕೀಯ ವಸ್ತುಸಂಗ್ರಹಾಲಯವಿದೆ. 1902ರಲ್ಲಿ ಲೀಡ್ಸಿನ ಒಂದು ಔಷಧಿ ಅಂಗಡಿಯಿಂದ ಶುರುವಾಗಿ, ಮುಂದೆ ಕೃತಕ ಸೊಂಟದ ಕೀಲು ತಯಾರಿಸುವಷ್ಟು ಬೆಳೆದ ಚಾರ್ಲ್ಸ್ ಎಫ್. ಥ್ಯಾಕ್‌ರೇ ಕಂಪನಿಯ ಹೆಸರು ಅದಕ್ಕೆ. ಒಂದೇ ಹೆಸರು ಇಲ್ಲಿ ಇಷ್ಟು ದಟ್ಟವಾಗಿದ್ದು, ಇಂಗ್ಲೆಂಡಿನ ದಕ್ಷಿಣಕ್ಕೆ ಹೋದಂತೆ ವಿರಳವಾಗುತ್ತದೆ. ಯಾಕೆ? ಈ ಪ್ರಶ್ನೆಯಿಂದಲೇ ನಾನು ಅಡ್ಡಹೆಸರುಗಳ, ಅಂದರೆ ಮನೆತನದ ಹೆಸರುಗಳ ಅಧ್ಯಯನಕ್ಕೆ ಇಳಿದೆ. ಇಂಗ್ಲಿಷ್ ಹೆಸರೊಂದರ ಮೂಲವನ್ನೂ ಇಂದು ಅದು ಎಷ್ಟು ಜನರಿಗಿದೆ ಎಂಬುದನ್ನೂ ಕಂಡುಕೊಳ್ಳಲು ನಾನು ಅನುಸರಿಸಿದ ದಾರಿ ಇದು.

ಮೊದಲು ಒಂದು ಮಾತು. ಹೆಚ್ಚಿನವರು ಅರ್ಥದಿಂದ ಶುರು ಮಾಡುತ್ತಾರೆ. ಹೆಸರಿನ ಅರ್ಥ ಹೇಳಿ, ಜೊತೆಗೆ ‘ನಿಮ್ಮ ಮನೆತನದ ಲಾಂಛನ’ ಅಂತ ಬಣ್ಣದ ಚಿತ್ರ ಮಾರುವ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ. ಇಂಗ್ಲೆಂಡಿನಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ ಕೊಡುವಂಥದ್ದು. ಒಂದು ಅಡ್ಡಹೆಸರಿನ ಎಲ್ಲರಿಗೂ ಸೇರಿದ ಲಾಂಛನ ಅನ್ನುವುದು ಇಲ್ಲ. ಅರ್ಥವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಎಣಿಕೆ, ಆಮೇಲೆ ನಕ್ಷೆ, ಆಮೇಲೆ ಊರು. ಊರು ಸಿಕ್ಕರೆ ಅರ್ಥ ತಾನಾಗಿ ಬರುತ್ತದೆ.

ಎಣಿಕೆಗೆ ನಾನು ಹಿಡಿದದ್ದು 1881ರ ಜನಗಣತಿ. ಅದನ್ನೇ ಯಾಕೆ ಅಂದರೆ, ವಂಶಾವಳಿ ಸಂಘಗಳ ಸ್ವಯಂಸೇವಕರು ಅದರ ಪ್ರತಿಯೊಂದು ಮನೆಯನ್ನೂ ನಕಲು ಮಾಡಿಟ್ಟಿದ್ದಾರೆ, ಅದು ಉಚಿತವಾಗಿ ಸಿಗುತ್ತದೆ. ಹೊರದೇಶಗಳಿಂದ ದೊಡ್ಡ ಪ್ರಮಾಣದ ವಲಸೆ ಬರುವ ಮೊದಲಿನ ಚಿತ್ರವೂ ಅದರಲ್ಲಿದೆ. ಆಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ ಸುಮಾರು 2.6 ಕೋಟಿ. ಕಾರ್ಖಾನೆಗಳು ಜನರನ್ನು ಊರು ಬಿಡಿಸಿದ್ದರೂ ಬಹುಪಾಲು ಮನೆತನಗಳು ಇನ್ನೂ ತಮ್ಮ ಮೂಲ ಜಿಲ್ಲೆಯ ಆಸುಪಾಸಿನಲ್ಲೇ ಇದ್ದವು.

ಇಲ್ಲಿ ಕಾಗುಣಿತದ ಕೆಲಸ ಬರುತ್ತದೆ, ಸಮಯದ ಬಹುಪಾಲು ಹೋಗುವುದೂ ಇದಕ್ಕೇ. ನಮಗೆ ಪರಿಚಯದ ಥ್ಯಾಕರೆ ರೂಪದಲ್ಲಿ ಕೆ ಅಕ್ಷರದ ನಂತರ ಒಂದು ಇ ಇದೆ. ಲೀಡ್ಸ್ ಇರುವ ಯಾರ್ಕ್‌ಶೈರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಆ ಇ ಇಲ್ಲ, ಅದು ಥ್ಯಾಕ್‌ರೇ. ಕೊನೆಯಲ್ಲಿ ಎ, ಎಚ್ ಬರುವ ಥ್ಯಾಕ್ರಾ ಇನ್ನೊಂದು. ನಡುವೆ ಡಬ್ಲ್ಯೂ ಉಳಿಸಿಕೊಂಡ ಥ್ಯಾಕ್‌ವ್ರೇ ಮತ್ತೊಂದು. ಪಾದ್ರಿ ಅಥವಾ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದ. ಬರೆಸಿದವರಿಗೆ ಓದಲು ಬಾರದಿದ್ದರೆ ತಿದ್ದುವವರೂ ಇಲ್ಲ. ಒಬ್ಬನೇ ಮನುಷ್ಯ ಹುಟ್ಟಿದಾಗ ಒಂದು ರೂಪದಲ್ಲಿ, ಮದುವೆಯಲ್ಲಿ ಇನ್ನೊಂದರಲ್ಲಿ, ಹೂಳುವಾಗ ಮತ್ತೊಂದರಲ್ಲಿ ದಾಖಲಾಗುವುದು ಸಾಮಾನ್ಯ. ಹಾಗಾಗಿ ಹುಡುಕುವಾಗ ನಾನು ಪೂರ್ತಿ ಹೆಸರು ಕೊಡುವುದಿಲ್ಲ. ಮೊದಲ ನಾಲ್ಕೈದು ಅಕ್ಷರ ಕೊಟ್ಟು, ಉಳಿದ ಕಡೆ ನಕ್ಷತ್ರ ಚಿಹ್ನೆ ಹಾಕುತ್ತೇನೆ. ಹಳೆಯ ಕೈಬರಹದ ಟಿ ಅಕ್ಷರವನ್ನು ನಕಲು ಮಾಡಿದವರು ಎಸ್ ಅಂತಲೋ ಎಫ್ ಅಂತಲೋ ಓದಿರಬಹುದು, ಆದ್ದರಿಂದ ಮೊದಲ ಅಕ್ಷರ ಬದಲಿಸಿಯೂ ಒಮ್ಮೆ ನೋಡುತ್ತೇನೆ. ಸಂಶಯ ಬಂದ ಕಡೆ ಮೂಲ ಪುಟದ ಚಿತ್ರವನ್ನೇ ತೆರೆಯುತ್ತೇನೆ.

ಎಲ್ಲ ರೂಪಗಳನ್ನು ಒಂದು ಹಾಳೆಗೆ ತಂದು, ನೋಂದಣಿ ಜಿಲ್ಲೆಗಳ ಪ್ರಕಾರ ವಿಂಗಡಿಸಿದೆ. ಬರಿಯ ಎಣಿಕೆ ಇಲ್ಲಿ ಸಾಲದು. ಲಂಡನ್ನಿನಲ್ಲಿ ಯಾವ ಹೆಸರು ಹುಡುಕಿದರೂ ಕೆಲವರು ಸಿಕ್ಕೇ ಸಿಗುತ್ತಾರೆ, ಯಾಕೆಂದರೆ ಅಲ್ಲಿ ಜನವೇ ಅಷ್ಟಿದ್ದಾರೆ. ಪ್ರತಿ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿ, ಹತ್ತು ಲಕ್ಷಕ್ಕೆ ಎಷ್ಟು ಅಂತ ತೆಗೆಯಬೇಕು. ಹಾಗೆ ತೆಗೆದಾಗ ನಕ್ಷೆ ತಿಳಿಯಾಯಿತು: ಯಾರ್ಕ್‌ಶೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್, ಅದರಲ್ಲೂ ಲೀಡ್ಸ್ ಮತ್ತು ಅದರ ಉತ್ತರಕ್ಕಿರುವ ಕಣಿವೆಗಳು. ಲೀಡ್ಸಿನಲ್ಲಿ ತಲೆಗಳು ಹೆಚ್ಚು. ಆದರೆ ನೇರ್ಸ್‌ಬರೋ ಸೀಮೆಯ ಹಳ್ಳಿಗಳು ಚಿಕ್ಕವಾದರೂ ಅಲ್ಲಿ ಹೆಸರು ಒತ್ತಾಗಿದೆ. ಇಂಥ ಒತ್ತು ಎಲ್ಲಿದೆಯೋ ಅದರ ಸುತ್ತಲೇ ಮೂಲ ಹುಡುಕಬೇಕು.

ಅಲ್ಲಿಂದ ಹಿಂದಕ್ಕೆ ಹೋದೆ. ಸರಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ವರ್ಷಕ್ಕೆ ನಾಲ್ಕು ಸೂಚಿಗಳು, ಮೂರು ಮೂರು ತಿಂಗಳಿಗೆ ಒಂದೊಂದು. ಅದರ ಹಿಂದೆ ಚರ್ಚಿನ ದಾಖಲೆಗಳು. ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಹೂಳಿಕೆ ಬರೆದಿಡಬೇಕು ಎಂದು ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದ್ದ. ಈ ಪುಸ್ತಕಗಳನ್ನು ಓದುವಾಗ ಒಂದು ನೆನಪಿರಲಿ: 1752ಕ್ಕಿಂತ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಫೆಬ್ರವರಿ 1692 ಅಂತ ಬರೆದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1693. ಇದನ್ನು ಗಮನಿಸದಿದ್ದರೆ ಮಗು ತಂದೆತಾಯಿಯ ಮದುವೆಗಿಂತ ಮೊದಲೇ ಹುಟ್ಟಿದಂತೆ ಕಾಣುತ್ತದೆ.

ಈ ಪುಸ್ತಕಗಳಲ್ಲೇ ನಮ್ಮ ಕಲೆಕ್ಟರನ ಮನೆತನ ಸಿಗುವುದು. ನಿಡ್ ನದಿಯ ಹತ್ತಿರದ ಹ್ಯಾಂಪ್ಸ್‌ತ್ವೇಟ್ ಹಳ್ಳಿಯಲ್ಲಿ 1693ರ ಸುಮಾರಿಗೆ ಹುಟ್ಟಿದ ಥಾಮಸ್ ಥ್ಯಾಕರೆ ಓದಿ ಮೇಲೆ ಬಂದು ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದ. ಅವನ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಈಸ್ಟ್ ಇಂಡಿಯಾ ಕಂಪನಿ ಸೇರಿ ಬಂಗಾಳಕ್ಕೆ ಬಂದ. ಇವನ ಮಕ್ಕಳು ಒಬ್ಬರ ಹಿಂದೊಬ್ಬರು ಭಾರತಕ್ಕೆ ಬಂದರು. ಮಗ ವಿಲಿಯಂ ಮದ್ರಾಸ್ ಪ್ರಾಂತ್ಯದಲ್ಲಿ ಥಾಮಸ್ ಮನ್ರೋ ಕೈಕೆಳಗೆ ದುಡಿದವನು. ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಭೂಕಂದಾಯದ ಬಗ್ಗೆ 1807ರಲ್ಲಿ ವರದಿ ಬರೆದವನು ಇವನೇ. ರಿಚ್‌ಮಂಡ್ ಎಂಬ ಮಗ ಕಲ್ಕತ್ತದಲ್ಲಿ ಅಧಿಕಾರಿಯಾಗಿದ್ದ. ಅಲ್ಲಿ 1811ರಲ್ಲಿ ಅವನಿಗೆ ಹುಟ್ಟಿ ಅಜ್ಜನ ಹೆಸರು ಪಡೆದ ಹುಡುಗನೇ ಮುಂದೆ ಪ್ರಸಿದ್ಧನಾದ ಕಾದಂಬರಿಕಾರ. ಸೇಂಟ್ ಜಾನ್ ಆ ಕಾದಂಬರಿಕಾರನ ಚಿಕ್ಕಪ್ಪ. ಒಂದು ಮನೆತನ ಮೂರು ತಲೆಮಾರಿನಲ್ಲಿ ಯಾರ್ಕ್‌ಶೈರಿನ ಕಣಿವೆಯಿಂದ ಕಿತ್ತೂರಿನವರೆಗೆ ಬಂದದ್ದು ಹೀಗೆ. ಇದನ್ನು ಶಾಲೆಯಲ್ಲಿ ನಮಗೆ ಹೇಳಿದ್ದರೆ ಚೆನ್ನಮ್ಮನ ಎದುರು ನಿಂತವರು ಎಂಥ ಜಾಲದ ಭಾಗವಾಗಿದ್ದರು ಅನ್ನುವುದು ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಅಕ್ಷರಸ್ಥರಾದ ಈ ಶಾಖೆಯಲ್ಲಿ ಇ ಇರುವ ಕಾಗುಣಿತ ಗಟ್ಟಿಯಾಯಿತು. ಊರಲ್ಲೇ ಉಳಿದವರಲ್ಲಿ, ಗಿರಣಿಗಳಿಗೆ ಹೋದವರಲ್ಲಿ ಉಳಿದ ರೂಪಗಳು ನಿಂತವು. ಅಗಸೆ ನಾರಿನ ನೂಲು ಈ ಕಣಿವೆಗಳ ಹಳೆಯ ಕಸುಬು. ಅದು ಲೀಡ್ಸಿನ ದೊಡ್ಡ ಗಿರಣಿಗಳಿಗೆ ಹೋದಾಗ ಜನವೂ ಹಿಂದೆ ಹೋದರು. ಆ ಗಿರಣಿಗಳ ನಾರಿನ ದೂಳು ಕೆಲಸಗಾರರ ಎದೆ ಕೆಡಿಸುತ್ತದೆ ಎಂದು 1831ರಲ್ಲಿ ಬರೆದ ಲೀಡ್ಸಿನ ವೈದ್ಯನ ಹೆಸರು ಚಾರ್ಲ್ಸ್ ಟರ್ನರ್ ಥ್ಯಾಕ್ರಾ. ಕಸುಬಿನಿಂದ ಬರುವ ರೋಗಗಳ ಅಧ್ಯಯನಕ್ಕೆ ಬ್ರಿಟನ್ನಿನಲ್ಲಿ ಅಡಿಪಾಯ ಹಾಕಿದವನು.

ಚರ್ಚಿನ ಪುಸ್ತಕಗಳಿಗಿಂತ ಹಿಂದೆ ಹೋಗಲು ಜಮೀನಿನ ದಾಖಲೆ, ತೆರಿಗೆಯ ದಾಖಲೆ ಎರಡೇ ದಾರಿ. ನೇರ್ಸ್‌ಬರೋ ಅರಣ್ಯ ಸೀಮೆ ಲ್ಯಾಂಕಾಸ್ಟರ್ ಡ್ಯೂಕರ ಆಸ್ತಿಯಾಗಿತ್ತು. ಅಲ್ಲಿನ ಜಹಗೀರು ನ್ಯಾಯಾಲಯದ ಸುರುಳಿಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಯಾರ ಹೊಲ ಯಾರಿಗೆ ಹೋಯಿತು ಅನ್ನುವುದು ಅದರಲ್ಲಿ ಸಿಗುತ್ತದೆ, ಆದರೆ ಭಾಷೆ ಲ್ಯಾಟಿನ್, ಅದೂ ಸಂಕ್ಷೇಪ ಚಿಹ್ನೆಗಳಿಂದ ತುಂಬಿದ್ದು. ನನ್ನಂಥವರಿಗೆ ಅನುಕೂಲವಾದದ್ದು 1379ರ ತಲೆಗಂದಾಯದ ಪಟ್ಟಿ. ವೆಸ್ಟ್ ರೈಡಿಂಗಿನ ಪಟ್ಟಿ ಹಳ್ಳಿ ಹಳ್ಳಿಯ ಲೆಕ್ಕದಲ್ಲಿ ಉಳಿದುಬಂದಿದೆ, ಅಚ್ಚಾಗಿಯೂ ಇದೆ. ಹದಿನಾರು ವರ್ಷ ದಾಟಿದವರಿಗೆ ತೆರಿಗೆ, ಗಂಡಹೆಂಡತಿಗೆ ಸೇರಿ ನಾಲ್ಕು ಪೆನ್ಸ್. ಅಡ್ಡಹೆಸರುಗಳು ಇನ್ನೂ ಹಸಿಯಾಗಿದ್ದ ಕಾಲ ಅದು. ನಮ್ಮ ಕಡೆ ಮುಧೋಳ, ಬೆಳಗಾವಿ ಅಂತ ಊರ ಹೆಸರೇ ಮನೆತನದ ಹೆಸರಾಗಿರುವಂತೆ ಅಲ್ಲಿ ಹೆಸರು ಮತ್ತು ಊರಿನ ನಡುವೆ ‘ಡೆ’ ಎಂಬ ಪದ ಇರುತ್ತದೆ, ಇಂಥ ಊರಿನವನು ಅಂತ.

ಆ ಊರು ಸಿಕ್ಕಿತು. ವಾಷ್‌ಬರ್ನ್ ಕಣಿವೆಯ ಫ್ಯೂಸ್ಟನ್ ಚರ್ಚಿನ ವ್ಯಾಪ್ತಿಯಲ್ಲಿ (ಪ್ಯಾರಿಷ್), ಗ್ರೇಟ್ ಟಿಂಬಲ್ ಗ್ರಾಮಕ್ಕೆ ಸೇರಿದ ಥ್ಯಾಕ್‌ರೇ ಎಂಬ ಜಾಗ. ಆ ಸೀಮೆಯಲ್ಲಿ ವೈಕಿಂಗರ ಕಾಲದಲ್ಲಿ ಬಂದು ನೆಲೆಸಿದವರ ಹಳೆಯ ನಾರ್ಸ್ ಭಾಷೆಯ ಎರಡು ಪದಗಳು ಅದರಲ್ಲಿವೆ. ಮೊದಲನೆಯದು ಮನೆಗೆ ಹೊದಿಸುವ ಜೊಂಡು ಹುಲ್ಲು, ಎರಡನೆಯದು ಮೂಲೆ. ಜೊಂಡು ಕೊಯ್ದು ತರುವ ಮೂಲೆ ಅಂತ. ಡಬ್ಲ್ಯೂ ಉಳಿಸಿಕೊಂಡ ಕಾಗುಣಿತ ಆ ಎರಡನೆಯ ಪದದ ಹಳೆಯ ಧ್ವನಿಗೆ ಹತ್ತಿರ. ಊರಿಗೇ ಹೋಗಿ ನೋಡೋಣವೆಂದರೆ ಸಾಧ್ಯವಿಲ್ಲ. ಲೀಡ್ಸಿಗೆ ಕುಡಿಯುವ ನೀರು ಒದಗಿಸಲು 1879ರಲ್ಲಿ ಮುಗಿಸಿದ ಫ್ಯೂಸ್ಟನ್ ಜಲಾಶಯದ ಕೆಳಗೆ ಆ ಜಾಗ ಮುಳುಗಿದೆ. ಆಲಮಟ್ಟಿ ಹಿನ್ನೀರಿನ ಹಳ್ಳಿಗಳನ್ನು ಬಲ್ಲ ನನಗೆ ಇದನ್ನು ಓದಿ ಬಹಳ ಹೊತ್ತು ಮನಸ್ಸು ಭಾರವಾಗಿತ್ತು.

ಇಂದು ಈ ಹೆಸರು ಎಷ್ಟು ಜನರಿಗಿದೆ ಅನ್ನುವ ಪ್ರಶ್ನೆ ಮೂಲಕ್ಕಿಂತ ಕಷ್ಟದ್ದು. ಅಮೆರಿಕದ ಗಣತಿ ಇಲಾಖೆ ಕನಿಷ್ಠ 100 ಜನರಿಗಿರುವ ಎಲ್ಲ ಅಡ್ಡಹೆಸರುಗಳನ್ನೂ ಸಂಖ್ಯೆಯ ಸಹಿತ ಪ್ರಕಟಿಸುತ್ತದೆ. 2010ರ ಪಟ್ಟಿಯಲ್ಲಿ 1,62,253 ಹೆಸರುಗಳಿದ್ದವು. ಬ್ರಿಟನ್ನಿನ ಗಣತಿಯಿಂದ ಅಂಥ ಪಟ್ಟಿ ಬರುವುದಿಲ್ಲ. ಹೆಸರುಗಳಿರುವ ಗಣತಿ ಪುಟಗಳು ನೂರು ವರ್ಷ ಬೀಗದೊಳಗೆ. 1921ರದ್ದು 2022ರಲ್ಲಿ ತೆರೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರದ್ದು 1942ರಲ್ಲಿ ಬೆಂಕಿಗೆ ಹೋಯಿತು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಅಲ್ಲಿನ ಮುಂದಿನದಕ್ಕೆ 2052ರವರೆಗೆ ಕಾಯಬೇಕು. ನಡುವಿನ ಕೊರತೆ ತುಂಬಲು 1939ರ ಸೆಪ್ಟೆಂಬರಿನಲ್ಲಿ ಪಡಿತರಕ್ಕೂ ಗುರುತಿನ ಚೀಟಿಗೂ ಮಾಡಿದ ನೋಂದಣಿ ಇದೆ. ಮತದಾರರ ಪಟ್ಟಿ ನೋಡೋಣವೆಂದರೆ, 2002ರ ನಿಯಮದ ನಂತರ ಮಾರಾಟಕ್ಕಿರುವ ಪ್ರತಿಯಿಂದ ಯಾರು ಬೇಕಾದರೂ ತಮ್ಮ ಹೆಸರು ತೆಗೆಸಬಹುದು. ಹಾಗಾಗಿ ಅದರ ಎಣಿಕೆ ಯಾವಾಗಲೂ ಕಡಿಮೆ ಬರುತ್ತದೆ. ನಾನು ನೆಚ್ಚಿಕೊಂಡಿರುವುದು ಆಕ್ಸ್‌ಫರ್ಡ್ 2016ರಲ್ಲಿ ತಂದ ಬ್ರಿಟನ್ ಮತ್ತು ಐರ್ಲೆಂಡ್ ಕುಟುಂಬನಾಮಗಳ ನಿಘಂಟು. 45,000ಕ್ಕೂ ಹೆಚ್ಚು ಹೆಸರುಗಳಿಗೆ 1881ರ ಮತ್ತು 2011ರ ಆಸುಪಾಸಿನ ಸಂಖ್ಯೆಗಳನ್ನು ಪಕ್ಕಪಕ್ಕ ಕೊಟ್ಟಿದ್ದಾರೆ. ಇಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳ ಕಾರ್ಡ್ ಇದ್ದರೆ ಮನೆಯಲ್ಲೇ ಕೂತು ಓದಬಹುದು.

ಎರಡು ಸಂಖ್ಯೆ ಸಿಕ್ಕ ಮೇಲೂ ಲೆಕ್ಕ ಬಾಕಿ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ 2011ಕ್ಕೆ 5.6 ಕೋಟಿ ದಾಟಿತ್ತು, ಅಂದರೆ 1881ರ ಎರಡು ಪಟ್ಟಿಗಿಂತ ಹೆಚ್ಚು. ಉದಾಹರಣೆಗೆ ಒಂದು ಹೆಸರಿನವರು ಅಂದೂ 1,000, ಇಂದೂ 1,000 ಇದ್ದಾರೆ ಅನ್ನಿ. ಅಂದು ಹತ್ತು ಲಕ್ಷಕ್ಕೆ ಸುಮಾರು 38, ಇಂದು 18. ಸಂಖ್ಯೆ ಹಾಗೇ ಇದ್ದರೂ ಹೆಸರು ಅರ್ಧಕ್ಕಿಂತ ಕೆಳಗಿಳಿದಿದೆ. ಹೊರಗಿನಿಂದ ಬಂದವರು, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋದವರು, ಬರೀ ಹೆಣ್ಣುಮಕ್ಕಳಿದ್ದ ಮನೆಗಳು, ಎಲ್ಲವೂ ಇದಕ್ಕೆ ಕಾರಣ.

ಕಾಗುಣಿತಗಳನ್ನು ಬೇರೆ ಬೇರೆ ಎಣಿಸಿದರೆ ಕಥೆಯೇ ಬೇರೆಯಾಗುತ್ತದೆ. ಕಾದಂಬರಿಕಾರನಿಂದಾಗಿ ಜಗತ್ತಿಗೆ ಗೊತ್ತಿರುವುದು ಇ ಇರುವ ರೂಪ, ಆದರೆ ಯಾರ್ಕ್‌ಶೈರಿನ ಜನರ ಹೆಸರು ಇ ಇಲ್ಲದ್ದು. ಭಾರತವನ್ನು ಸೇರಿಸಿ ಎಣಿಸುವವರಿಗೆ ಇನ್ನೊಂದು ತೊಡಕಿದೆ. ಮುಂಬೈಯ ಕೇಶವ ಸೀತಾರಾಮ ಠಾಕ್ರೆ ತಮ್ಮ ಮರಾಠಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ಈ ಕಾಗುಣಿತ ಆರಿಸಿಕೊಂಡದ್ದು ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಎಂದು ಹೇಳುತ್ತಾರೆ. ಜಗತ್ತಿನ ಒಟ್ಟು ಸಂಖ್ಯೆ ಕೊಡುವ ಪಟ್ಟಿಗಳಲ್ಲಿ ಆ ಮರಾಠಿ ಹೆಸರೂ ವಾಷ್‌ಬರ್ನ್ ಕಣಿವೆಯ ಹೆಸರೂ ಒಂದೇ ಸಾಲಿನಲ್ಲಿ ಕೂಡಿಹೋಗುತ್ತವೆ. ಅಂಥ ಒಟ್ಟು ಸಂಖ್ಯೆಯನ್ನು ನಾನು ಬಳಸುವುದೇ ಇಲ್ಲ.

ಊರು ಒಂದೇ ಅಂದ ಮಾತ್ರಕ್ಕೆ ಎಲ್ಲ ಥ್ಯಾಕ್‌ರೇಗಳೂ ಒಬ್ಬನ ಸಂತತಿ ಅಂತಲ್ಲ. ಆ ಜಾಗದಿಂದ ಹೊರಬಂದ ಇಬ್ಬರು ಮೂವರಿಗೆ ಬೇರೆ ಬೇರೆಯಾಗಿ ಅದೇ ಹೆಸರು ಬಿದ್ದಿರಬಹುದು. ಕಾಗದಪತ್ರ ಇದನ್ನು ಬಿಡಿಸಲಾರದು. ಗಂಡಸರಲ್ಲಿ ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ಪರೀಕ್ಷೆಯಿಂದ ಸಾಧ್ಯ. ಯಾರ್ಕ್‌ಶೈರಿನದೇ ಆದ ಸೈಕ್ಸ್ ಎಂಬ ಹೆಸರಿನವರ ಮೇಲೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಸರಲ್ಲಿ ಒಂದೇ ಬಗೆಯ ಗುರುತು ಕಂಡಿತ್ತು. ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ತೋರಿಸಿದಂತೆ ಹೆಸರು ವಿರಳವಾದಷ್ಟೂ ಒಂದೇ ಮೂಲದ ಸಂಭವ ಹೆಚ್ಚು. ಸ್ಮಿತ್‌ನಂಥ ಕಸುಬಿನ ಹೆಸರಿಗೆ ಈ ಹುಡುಕಾಟವೇ ವ್ಯರ್ಥ, ಪ್ರತಿ ಊರಿನಲ್ಲೂ ಒಬ್ಬ ಕಮ್ಮಾರ ಇದ್ದ.

ಈಗ ಇದೇ ಕ್ರಮದಲ್ಲಿ ಸ್ಯಾಂಕಿ ಹೆಸರನ್ನು ಹಿಡಿದಿದ್ದೇನೆ. ಬೆಂಗಳೂರಿನ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನ ಟಿಪ್ಪರೇರಿಯಲ್ಲಿ, ಆದರೆ ಸ್ಯಾಂಕಿ ಎಂಬ ಹಳ್ಳ ಮತ್ತು ಊರು ಇರುವುದು ಹಿಂದೆ ಲ್ಯಾಂಕಾಶೈರಿಗೆ ಸೇರಿದ್ದ ವಾರಿಂಗ್ಟನ್ ಹತ್ತಿರ. 1881ರ ಗಣತಿಯಲ್ಲಿ ಐರ್ಲೆಂಡ್ ಸೇರಿಲ್ಲ, ಅಲ್ಲಿನ 1901ಕ್ಕಿಂತ ಹಿಂದಿನ ಗಣತಿ ಪುಟಗಳು ಬಹುತೇಕ ನಾಶವಾಗಿವೆ. ಅದಕ್ಕೆ ಬದಲಾಗಿ ಹತ್ತೊಂಬತ್ತನೇ ಶತಮಾನದ ನಡುವೆ ತೆರಿಗೆಗಾಗಿ ಮಾಡಿದ ಗ್ರಿಫಿತ್ ಮೌಲ್ಯಮಾಪನದ ಪಟ್ಟಿ ಓದುತ್ತಿದ್ದೇನೆ. ಅದರಲ್ಲಿರುವುದು ಮನೆ, ಜಮೀನು ಹಿಡಿದವರ ಹೆಸರು ಮಾತ್ರ. ಹಾಗಾಗಿ ಇಲ್ಲಿ ತಲೆಗಳ ಬದಲು ಮನೆಗಳನ್ನು ಎಣಿಸುತ್ತಿದ್ದೇನೆ.